ಆಫ್ರಿಕಾ ಪೆಟ್ಟಿಗೆಯ ಏಳನೆಯ ಗಾಜು

ಆಫ್ರಿಕಾ ಪೆಟ್ಟಿಗೆ ಹೈದರಾಬಾದಿನಿಂದ ಸಿಂಧನೂರಿಗೆ ಬಂದದ್ದು 1954ರ ಜನವರಿ ಕೊನೆಯಲ್ಲಿ, ಬಸ್ಸಿನ ತಲೆಯ ಮೇಲೆ, ಎರಡು ಎಣ್ಣೆ ಡಬ್ಬಿಗಳ ನಡುವೆ. ಮುಚ್ಚಳ ತೆಗೆದಾಗ ಒಳಗೆ ಒಣಹುಲ್ಲು ಬಿಟ್ಟರೆ ಬೇರೆ ಮೆತ್ತೆ ಇರಲಿಲ್ಲ. ಆದರೂ ಆಫ್ರಿಕಾದ ಚಿತ್ರಗಳಿದ್ದ ಗಾಜುಗಳು ಉಳಿದಿದ್ದವು. ಆ ದಿನದ ದಿನಚರಿಯಲ್ಲಿ ಬರೆದಿದ್ದೇನೆ: ಬಂದದ್ದು ಏಳು, ಒಡೆದದ್ದು ಇಲ್ಲ.

ಆಗ ನಾನು ವಯಸ್ಕರ ಶಿಕ್ಷಣದ ಚಿತ್ರದ ಲಾಟೀನು ಹಿಡಿದು ಊರೂರು ತಿರುಗುವ ಕೆಲಸದಲ್ಲಿದ್ದೆ. ಲಾಟೀನು ಎಂದರೆ ತಗಡಿನ ಒಂದು ದೊಡ್ಡ ಗೂಡು. ಒಳಗೆ ಪೆಟ್ರೋಮ್ಯಾಕ್ಸ್ ದೀಪ, ಮುಂದೆ ಮಸೂರ, ನಡುವೆ ಗಾಜಿನ ಚಿತ್ರ ಇಳಿಸಲು ಒಂದು ಸೀಳು. ಎರಡು ಗಳುಗಳ ನಡುವೆ ಧೋತರದ ಪರದೆ ಕಟ್ಟಿ, ಅದನ್ನು ನೀರಿನಿಂದ ನೆನೆಸುತ್ತಿದ್ದೆವು. ನೆನೆದ ಬಟ್ಟೆಯ ಮೇಲೆ ಚಿತ್ರ ಎರಡೂ ಕಡೆ ಕಾಣುತ್ತದೆ. ನಮ್ಮ ಕಡೆ ಇದು ಬಹಳ ಅನುಕೂಲದ ಸಂಗತಿ. ಏಕೆಂದರೆ ಗಂಡಸರು ಲಾಟೀನಿನ ಕಡೆ ಕೂಡುತ್ತಿದ್ದರು, ಹೆಂಗಸರು ಪರದೆಯ ಆಚೆ ಕಡೆ. ಹೆಂಗಸರಿಗೆ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಅದರ ಬಗ್ಗೆ ಯಾರೂ ತಕರಾರು ತೆಗೆದದ್ದು ನೆನಪಿಲ್ಲ. ತಕರಾರು ಇದ್ದದ್ದು ನನ್ನ ದನಿಯ ಬಗ್ಗೆ. ಅದು ಆಚೆ ಮುಟ್ಟುತ್ತಿರಲಿಲ್ಲ.

ಅದಕ್ಕೆ ಉಪಾಯ ಮಾಡಿದವರು ನಮ್ಮ ಜಮಾದಾರರ ಹೆಂಡತಿ. ಜಮಾದಾರರು ಗಾಡಿ ಹೊಡೆಯುವವರು, ದೀಪ ನೋಡಿಕೊಳ್ಳುವವರು. ಅವರ ಅಜ್ಜನನ್ನು ಹೈದರಾಬಾದಿನ ಹಬ್ಶಿ ಕಾವಲು ಪಡೆಗೆಂದು ಆಫ್ರಿಕಾದಿಂದ ಸಮುದ್ರ ದಾಟಿಸಿ ತಂದಿದ್ದರು. ಅಪ್ಪ ಅದೇ ಪಡೆಯಲ್ಲಿದ್ದರು, ಇವರೂ ಅದರಲ್ಲೇ ಇದ್ದರು. ಪೊಲೀಸ್ ಕಾರ್ಯಾಚರಣೆಯ ನಂತರದ ವರ್ಷಗಳಲ್ಲಿ ಪಡೆ ಚದುರಿತು. ಹೆಂಡತಿಯ ಕಡೆಯವರು ಇದ್ದಾರೆಂದು ಇವರು ಈ ಸೀಮೆಗೆ ಬಂದರು. ಹೆಂಡತಿ ಮಸ್ಕಿಯ ಪಿಂಜಾರರ ಮನೆಯ ಮಗಳು. ಅರಳೆ ಹಿಂಜುವ ಮನೆತನ, ಮನೆಮಾತು ಕನ್ನಡ. ನಾನು ಆಕೆಯನ್ನು ಭಾಭಿ ಎನ್ನುತ್ತಿದ್ದೆ. ಭಾಭಿ ನಮ್ಮ ಜೊತೆಯೇ ಗಾಡಿಯಲ್ಲಿ ಬಂದು ಅಡಿಗೆ ಮಾಡುತ್ತಿದ್ದರು. ಗಾಜುಗಳನ್ನು ತಾವೇ ಹಿಂಜಿದ ಅರಳೆಯಲ್ಲಿ ಸುತ್ತಿಡುತ್ತಿದ್ದರು. ಸಂಜೆ ಪರದೆಯ ಆಚೆ ನಿಂತು ನಾನು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೆಂಗಸರಿಗೆ ಹೇಳುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ನಮ್ಮ ಪ್ರೇಕ್ಷಕರಲ್ಲಿ ಅರ್ಧ ಜನ ಕೇಳುತ್ತಿದ್ದದ್ದು ಮಾತ್ರ ಅವರ ಮಾತನ್ನೇ.

ಜಮಾದಾರರ ಕೆಲಸ ಇನ್ನೂ ಸೂಕ್ಷ್ಮದ್ದು. ದೀಪದ ಕಾವಿಗೆ ಗಾಜು ಬಿರಿಯುತ್ತದೆ. ಅವರು ಅಂಗೈಯನ್ನು ತಗಡಿನ ಗೂಡಿನ ಮೇಲೆ ಇಟ್ಟುಕೊಂಡೇ ನಿಲ್ಲುತ್ತಿದ್ದರು. ಕಾವು ಇಂತಿಷ್ಟಾಯಿತು ಎಂದು ಕೈಗೆ ಗೊತ್ತಾದ ಕೂಡಲೇ “ಬದಲ್!” ಎನ್ನುತ್ತಿದ್ದರು. ನಾನು ವಾಕ್ಯದ ನಡುವೆ ಇದ್ದರೂ ನಿಲ್ಲಿಸಿ ಗಾಜು ತೆಗೆಯಬೇಕು. ಅವರ ಕಣ್ಣು ಸದಾ ಜ್ವಾಲೆಯ ಮೇಲೆ. ಪರದೆಯ ಕಡೆ ನೋಡಿದರೆ ಕಣ್ಣಿಗೆ ಕತ್ತಲೆ ಕವಿದು ದೀಪದ ಬಣ್ಣ ತಿಳಿಯುವುದಿಲ್ಲ ಎನ್ನುತ್ತಿದ್ದರು. ಎರಡು ವರ್ಷ ತೋರಿಸಿದ ಚಿತ್ರಗಳಲ್ಲಿ ಒಂದನ್ನೂ ಅವರು ಪರದೆಯ ಮೇಲೆ ನೋಡಿರಲಿಲ್ಲ.

ಹೊಸ ಪೆಟ್ಟಿಗೆಯ ಜೊತೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ವಿವರಣೆಯ ಹಾಳೆಗಳಿದ್ದವು. ಜಿಲ್ಲಾ ಅಧಿಕಾರಿಗಳ ಚೀಟಿಯೂ ಇತ್ತು: ಸರಣಿ ಪೂರ್ತಿ ತೋರಿಸತಕ್ಕದ್ದು, ವಿವರಣೆ ಇದ್ದಂತೆಯೇ ಓದತಕ್ಕದ್ದು, ಲಿಂಗಸುಗೂರಿನ ಪ್ರದರ್ಶನಕ್ಕೆ ತಾವೇ ಬರುವುದಾಗಿ ತಿಳಿಯತಕ್ಕದ್ದು. ನಾನು ಹಾಳೆಗಳನ್ನು ಕನ್ನಡಕ್ಕೆ ಇಳಿಸಿದೆ. ಮೊದಲ ಗಾಜು ನಕ್ಷೆ. ಎರಡನೆಯದು ಸುಡಾನಿನ ಮರಳಿನಲ್ಲಿ ಸಾಲಾಗಿ ನಿಂತ ಚೂಪು ಪಿರಮಿಡ್ಡುಗಳು. ಮೂರನೆಯದು ಅಬಿಸೀನಿಯಾದ ಏಕಶಿಲೆಯ ಕಂಬ. ನಾಲ್ಕನೆಯದು ಬಂಡೆಯನ್ನು ಮೇಲಿಂದ ಕೆಳಕ್ಕೆ ಕೊರೆದು ಮಾಡಿದ ಗುಡಿಯಂಥ ಚರ್ಚು. ಐದು, ಟಿಂಬಕ್ಟುವಿನ ಮಣ್ಣಿನ ಮಸೀದಿ. ಆರು, ಬೆನಿನ್ ಎಂಬ ರಾಜ್ಯದ ಹಿತ್ತಾಳೆಯ ರಾಜಮುಖ. ಏಳು, ಆಫ್ರಿಕಾದ ದಕ್ಷಿಣ ಭಾಗದ ಝಿಂಬಾಬ್ವೆ ಎಂಬಲ್ಲಿನ ದೊಡ್ಡ ಕಲ್ಲಿನ ಗೋಡೆ. ಮೂವತ್ತು ಅಡಿಗೂ ಎತ್ತರ, ದುಂಡಗೆ ಸುತ್ತಿದ್ದು, ಎಲ್ಲಿಯೂ ಗಾರೆ ಇಲ್ಲ. ಅದರ ಬುಡದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಅವನು ನಮ್ಮ ಜೋಳದ ತೆನೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದ.

ಮೊದಲ ಪ್ರದರ್ಶನ ತುರ್ವಿಹಾಳದಲ್ಲಿ. ಅಲ್ಲಿ ಕಾಲುವೆಯ ಮಣ್ಣಿನ ಕೆಲಸಕ್ಕೆ ಬಂದ ಜನವೂ ಸೇರಿ ಬಯಲು ತುಂಬಿತ್ತು. ಕಂಬದ ಚಿತ್ರ ಬಿದ್ದಾಗ ಮುಂದೆ ಕೂತವರೊಬ್ಬರು ತಿರುಗಿ ಜಮಾದಾರರನ್ನು ಕೇಳಿದರು.

“ಇದು ನಿಮ್ಮ ಕಡೀದೇನ್ರಿ?”

“ಇರಬೇಕ್ರಿ,” ಎಂದರು ಜಮಾದಾರರು, ಕಣ್ಣು ದೀಪದಿಂದ ತೆಗೆಯದೆ.

ಅಷ್ಟು ಸಾಕಾಯಿತು. ನಾಲ್ಕನೆಯ ಚಿತ್ರ ಮುಗಿಯುವಾಗ ಗಾಳಿಗೆ ದೀಪದ ಉರಿಯುವ ಬಲೆ, ಮ್ಯಾಂಟಲ್, ಉದುರಿತು. ಬದಲಿ ಮ್ಯಾಂಟಲ್ ತೇವ ಹಿಡಿದು ಹತ್ತಲಿಲ್ಲ. ಪ್ರದರ್ಶನ ಅಲ್ಲಿಗೇ ನಿಂತಿತು. ನನಗೆ ಬೇಸರ. ಊರವರಿಗೆ ಬೇಸರವೇ ಇಲ್ಲ. ಜಮಾದಾರರನ್ನು ಕಟ್ಟೆಯ ಮೇಲೆ ಕೂರಿಸಿ ಎಲೆ ಅಡಿಕೆ ಕೊಟ್ಟರು.

“ಅಷ್ಟು ಎತ್ತರದ ಕಲ್ಲು ಹ್ಯಾಂಗ ನಿಲ್ಲಿಸಿದ್ರಿ?” ಎಂದು ಒಬ್ಬರು ಕೇಳಿದರು.

“ನಾನೆಲ್ಲಿ ನಿಲ್ಲಿಸಿದೆ ಯಪ್ಪಾ! ನಾ ಹುಟ್ಟಿದ್ದು ಹೈದರಾಬಾದ್‌ನಾಗ. ನೀವೇ ಮೊದಲ ನೋಡೀರಿ, ನಾ ಇನ್ನೂ ನೋಡಿಲ್ಲ.”

“ಆತ ದೊಡ್ಡ ಮನಷ್ಯಾ, ಹೇಳಿಕೊಳ್ಳಾಂಗಿಲ್ಲ,” ಎಂದು ಅವರು ಮತ್ತೊಂದು ಎಲೆ ಕೊಟ್ಟರು. ಭಾಭಿ ದಾರಿಯುದ್ದಕ್ಕೂ ಅದನ್ನೇ ಹೇಳಿ ನಕ್ಕರು. ದಿನಚರಿ: ತೋರಿಸಿದ್ದು ನಾಲ್ಕು, ಒಡೆದದ್ದು ಇಲ್ಲ.

ಪಾಮನಕಲ್ಲೂರಿನಲ್ಲಿ ಗಾಳಿ ಇರಲಿಲ್ಲ. ಏಳೂ ಗಾಜು ತೋರಿಸಿದೆವು. ಏಳನೆಯದಕ್ಕೆ ಟೈಪಾದ ಹಾಳೆಯಲ್ಲಿದ್ದ ವಿವರಣೆಯನ್ನು ನಾನು ಇದ್ದಂತೆಯೇ ಓದಿದೆ. “ಇಂಥ ಕೆಲಸ ಅಲ್ಲಿಯ ಕರಿಯ ಜನರ ಕೈಯಿಂದ ಆಗತಕ್ಕದ್ದಲ್ಲ. ಬಹಳ ಹಿಂದೆ ಸಮುದ್ರ ದಾಟಿ ಬಂದ ಬೇರೆ ಯಾರೋ ಈ ಗೋಡೆ ಕಟ್ಟಿ ಹೋಗಿರಬೇಕು.”

ಆಮೇಲೆ ಹಿಂದಿನಿಂದ ಒಂದು ದನಿ ಬಂತು.

“ಹಂಗಾರ ಜಮಾದಾರ, ಅವರು ಕಟ್ಟೋತನಕ ನಿಮ್ಮವರು ಏನ್ ಮಾಡಾಕತ್ತಿದ್ರು? ನೆಳ್ಳಾಗ ಕುಂತು ನೋಡಾಕತ್ತಿದ್ರೇನು?”

ಬಯಲೆಲ್ಲ ನಕ್ಕಿತು. ಕೆಟ್ಟ ನಗೆಯೇನೂ ಅಲ್ಲ, ಸಂಜೆ ಕೂತ ಜನರ ನಗೆ. ಜಮಾದಾರರು “ಬದಲ್” ಎಂದರು. ಏಳನೆಯದರ ಮುಂದೆ ಬದಲಿಸಲು ಬೇರೆ ಗಾಜೇ ಇರಲಿಲ್ಲ.

ಮರುದಿನ ಮಸ್ಕಿಯ ದಾರಿಯಲ್ಲಿ ಅವರು ಎತ್ತುಗಳ ಜೊತೆಗೂ ಮಾತಾಡಲಿಲ್ಲ. ಹಳ್ಳದ ಹತ್ತಿರ ಗಾಡಿ ಬಿಚ್ಚಿ ಎತ್ತಿಗೆ ನೀರು ಕುಡಿಸುವಾಗ ನನ್ನ ಪಕ್ಕಕ್ಕೆ ಬಂದರು.

“ಬಾಬು, ಮಸ್ಕಿಯಾಗ ಆ ಪೆಟಗಿ ತೆರೀಬ್ಯಾಡ್ರಿ.”

“ಪೂರ್ತಿ ತೋರಿಸಬೇಕು ಅಂತ ಚೀಟಿ ಇದೆಯಲ್ಲ.”

“ಚೀಟಿ ನಿಮ್ಮದು. ಮಾವನ ಮನಿ ನಂದು.” ಎತ್ತಿನ ಬೆನ್ನು ಸವರುತ್ತಾ ಮುಂದುವರಿಸಿದರು. “ನಿಕಾಹ್ ಆದಾಗ ಕೇಳಿದ್ರು, ನಿನ್ನೂರು ಯಾವುದಪ್ಪ ಅಂತ. ಇಲ್ಲಿ ಎಲ್ಲಾರ ಹೆಸರಿಗೂ ಒಂದು ಊರು ಅಂಟಿಕೊಂಡೈತಿ. ಹೈದರಾಬಾದ್ ಅಂದೆ. ಅದು ನೌಕರಿ ಊರು, ಮೂಲದ್ದು ಹೇಳು ಅಂದ್ರು. ದರಿಯಾದ, ಸಮುದ್ರದ, ಆ ಕಡೆ ಅಂದೆ. ಇನ್ನೂ ನಮ್ಮ ಮಾವ ನನ್ನ ಅಳಿಯ ಅಂತ ಮಂದಿ ಮುಂದ ಕರದಿಲ್ಲ. ಇವನೇ, ಅಂತಾನ. ಈಗ ಅಲ್ಲಿ ನಿಂತು ನೀವು, ಇವನ ಮಂದಿಗಿ ಒಂದು ಗ್ವಾಡಿನೂ ಕಟ್ಟಾಕ ಬರ್ತಿದ್ದಿಲ್ಲ ಅಂತ ಓದಿದ್ರ, ಗಾಡಿ ನಿಮಗ ಬಿಟ್ಟು ನಾ ಹೊಕ್ಕೀನಿ. ಸಿಟ್ಟಿಲ್ಲ ನಿಮ್ಮ ಮ್ಯಾಲ.”

ಸಿಟ್ಟಿಲ್ಲ ಎಂದದ್ದು ನಿಜವೇ. ಅದರಿಂದ ನನಗೆ ಕಷ್ಟ ಹೆಚ್ಚಾಯಿತು. ಮಸ್ಕಿಯಲ್ಲಿ ಏಳನೆಯ ಗಾಜನ್ನು ಬಿಟ್ಟುಬಿಡೋಣ, ಅಧಿಕಾರಿಗಳಿಗೆ ಮ್ಯಾಂಟಲ್ ಹೋಯಿತು ಎಂದು ಹೇಳೋಣ ಎಂದು ಅಲ್ಲೇ ಒಪ್ಪಿದೆ.

ಮಸ್ಕಿಯಲ್ಲಿ ಆ ಚಳಿಗಾಲ ಗುಡ್ಡದ ಬುಡದಲ್ಲಿ ಪ್ರಾಚ್ಯವಸ್ತು ಇಲಾಖೆಯ ಅಗೆತ ನಡೆದಿತ್ತು. ನಮಗೆ ಇಳಿಯಲು ಜಾಗ ಸಿಕ್ಕದ್ದು ಅಗೆತದವರ ಡೇರೆಗಳ ಪಕ್ಕದಲ್ಲೇ. ಅಲ್ಲಿ ಒಂದು ಗುಂಡಿಯ ಮೇಲ್ವಿಚಾರಣೆಗೆ ಮೈಸೂರಿನ ಕಡೆಯ ಒಬ್ಬರಿದ್ದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಬಿಸಿಲಿಗೆ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ನಮ್ಮ ಲಾಟೀನನ್ನು ನೋಡಲು ಬಂದವರು ಗಾಜುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಏಳನೆಯದಕ್ಕೆ ಬಂದು ನಿಂತರು.

“ಅರೆ, ಇದು ನಿಮ್ಮ ಹತ್ತಿರ ಹೇಗೆ ಬಂತು? ಎಷ್ಟು ಒಳ್ಳೆಯ ಚಿತ್ರ!”

ನಾನು ಹಾಳೆ ತೋರಿಸಿದೆ. ಓದಿದರು. ಮಡಚಿ ವಾಪಸು ಕೊಟ್ಟರು. “ಇದು ಹಳೇ ಕಥೆ ಕಣ್ರಿ. ಬನ್ನಿ ನನ್ನ ಜೊತೆ,” ಎಂದು ಗುಂಡಿಗೆ ಕರೆದೊಯ್ದರು.

ಆ ಗುಂಡಿಯ ಪಾಠಕ್ಕೆ ನಾನು ಇಂದಿಗೂ ಋಣಿ. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆತ್ತಿದಂತೆ ನೇರ ಮಾಡಿದ್ದರು. ಮಣ್ಣಿನ ಪದರಗಳು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತಿದ್ದವು. ಮೇಲೆ ಕಂದು, ಅದರ ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಕಪ್ಪು. ನಡುವೆ ಒಂದು ತುಂಡು ಕಲ್ಲುಕಟ್ಟು ಇತ್ತು.

“ಈ ಕಟ್ಟನ್ನು ಯಾರು ಕಟ್ಟಿದರು ಅಂತ ಹೇಗೆ ತಿಳೀತೀರಿ? ಮುಖ ನೋಡಿ ಅಲ್ಲ. ಅಡಿಯಲ್ಲಿ ಏನಿದೆ ನೋಡಬೇಕು. ಕಟ್ಟಿನ ಅಡಿಗೆ ಸಿಕ್ಕಿಕೊಂಡ ಮಡಕೆಚೂರು ಕಟ್ಟಿದ ಮೇಲೆ ಒಳಗೆ ಹೋಗೋಕೆ ಆಗಲ್ಲ. ಅಡಿಯ ಚೂರು, ನೆಲದ ಚೂರು, ಸುತ್ತಲಿನ ಗುಡಿಸಲಿನ ಚೂರು ಎಲ್ಲ ಒಂದೇ ಜಾತಿಯದಾದರೆ, ಆ ಜನವೇ ಕಟ್ಟಿದ್ದು.”

“ಝಿಂಬಾಬ್ವೆಯಲ್ಲಿ ಹೀಗೆ ನೋಡಿದ್ದಾರಾ?”

“ಒಂದಲ್ಲ, ಎರಡು ಸಲ. ಕೊನೆಯದು ಇಪ್ಪತ್ತೈದು ವರ್ಷದ ಹಿಂದೆ, ಒಬ್ಬ ಇಂಗ್ಲಿಷ್ ಹೆಣ್ಣುಮಗಳು ಅಗೆದದ್ದು. ಗೋಡೆಯ ಅಡಿಯಲ್ಲೂ ನೆಲದಲ್ಲೂ ಸಿಕ್ಕಿದ್ದು ಅಲ್ಲಿಯ ಜನರ ಮಡಕೆಯೇ. ಯುರೋಪಿನವರು ಆ ನಾಡಿಗೆ ಕಾಲಿಡೋ ಮೊದಲೇ ಅಲ್ಲಿ ರಾಜ್ಯವಿತ್ತು. ಚಿನ್ನ ಕರಾವಳಿಗೆ ಹೋಗ್ತಿತ್ತು. ಚೀನಾದ ಪಿಂಗಾಣಿ ಬರ್ತಿತ್ತು, ನಮ್ಮ ದೇಶದ ಗಾಜಿನ ಮಣಿ ಬರ್ತಿತ್ತು.” ಅಗೆತದಲ್ಲಿ ಸಿಕ್ಕ ಮಣಿಗಳ ತಟ್ಟೆಯನ್ನು ನನ್ನ ಮುಂದೆ ಹಿಡಿದರು. “ಇಂಥವು.”

ನಾನು ಕೂಡಲೇ ಕೇಳಿದೆ, “ಹಾಗಾದರೆ ನಮ್ಮವರೇ ಹೋಗಿ ಕಟ್ಟಿರಬಹುದಲ್ಲ?”

ಅವರು ನನ್ನ ಮಣಿಕಟ್ಟು ನೋಡಿದರು. “ನಿಮ್ಮ ಗಡಿಯಾರ ಎಲ್ಲಿಯದು?”

“ಸ್ವಿಟ್ಜರ್ಲೆಂಡಿನದು.”

“ನಾಳೆ ನಿಮ್ಮ ಮನೆ ಅಗೆದವನು ಈ ಗಡಿಯಾರ ಸಿಕ್ಕಿತು ಅಂತ, ಸಿಂಧನೂರನ್ನ ಸ್ವಿಸ್ ಜನ ಕಟ್ಟಿದರು ಅಂತ ಬರೆದರೆ ಒಪ್ತೀರಾ?”

ಗುಂಡಿಯಲ್ಲಿ ಬುಟ್ಟಿ ಹೊರುತ್ತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಡೇರೆಗೆ ಹೋಗಿ ಅವರ ಎದುರಿಗೇ ಕೂತು ಏಳನೆಯ ಗಾಜಿಗೆ ಹೊಸ ವಿವರಣೆ ಬರೆದೆ. ಅವರು ಎರಡು ಕಡೆ ತಿದ್ದಿದರು. “ಇದು ನಿಮ್ಮ ಜಮಾದಾರರ ಅಜ್ಜನ ಊರು ಅಂತ ಮಾತ್ರ ಹೇಳಬೇಡಿ,” ಎಂದೂ ಎಚ್ಚರಿಸಿದರು. “ಆಫ್ರಿಕಾ ಬಹಳ ದೊಡ್ಡದು. ಹಬ್ಶಿಗಳು ಬಂದದ್ದು ಹೆಚ್ಚಾಗಿ ಈಶಾನ್ಯ ಭಾಗದಿಂದ, ಗೋಡೆ ಇರೋದು ದಕ್ಷಿಣದಲ್ಲಿ. ಗೊತ್ತಿಲ್ಲದ್ದನ್ನು ಹೇಳಿದರೆ ನಾವೂ ಆ ಟೈಪು ಮಾಡಿದವರ ಹಾಗೇ ಆಗ್ತೀವಿ.”

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಗಾಜನ್ನು ಬಿಟ್ಟುಬಿಡುವುದು ಒಂದು. ಚೀಟಿಯ ಮಾತು ಮೀರಿ ನನ್ನ ವಿವರಣೆ ಓದುವುದು ಇನ್ನೊಂದು. ನನ್ನದು ವರ್ಷ ವರ್ಷಕ್ಕೆ ಮುಂದುವರಿಸುವ ಹಂಗಾಮಿ ನೌಕರಿ. ಆದರೂ ಗುಂಡಿಯಿಂದ ಬಂದ ಮೇಲೆ ಟೈಪಾದ ಸಾಲನ್ನು ಬಾಯಿಂದ ಓದಲು ನನಗೆ ಸಾಧ್ಯವಿರಲಿಲ್ಲ. ಮರುದಿನ ಜಮಾದಾರರಿಗೆ ಹೊಸದನ್ನು ಓದಿ ಹೇಳಿದೆ. ಪೂರ್ತಿ ಕೇಳಿದರು.

“ಚಲೋ ಐತಿ. ಆದ್ರೂ ಬ್ಯಾಡ. ಪೆಟಗಿ ಮುಚ್ಚಿರಲಿ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಭಾಭಿ ಕೈ ನಿಲ್ಲಿಸಿದರು.

“ಮುಚ್ಚಿದ್ರ ಮಂದಿ ಬಾಯಿ ಮುಚ್ಚತೈತೇನು? ಇವತ್ತು ಸಂತಿ. ಪಾಮನಕಲ್ಲೂರಿನವರು ಮೆಣಸಿನಕಾಯಿ ಜೋಡಿ ಸುದ್ದಿನೂ ತಂದು ಮಾರ್ಯಾರ. ನಮ್ಮ ಖಾಲಾ ಬೆಳಿಗ್ಗೇನ ಕೇಳಿದ್ಲು, ನಿನ್ನ ಗಂಡನ ಮಂದಿ ನೆಳ್ಳಾಗ ಕುಂತಿದ್ರಂತಲ್ಲ ಅಂತ. ಇವತ್ತು ತೆರೀಲಿಲ್ಲಂದ್ರ ಅದು ಖರೇನ ಅಂತಾರ, ಸಾಯೋತನಕ ಅಂತಾರ.”

“ನೀ ಸುಮ್ನಿರು.”

“ನಾ ಸುಮ್ನಿದ್ರ ಪರದೆ ಆ ಕಡಿ ಯಾರು ಹೇಳ್ತಾರ? ನೀ ಹೇಳ್ತೀಯೇನು ಹೆಂಗಸರಿಗಿ?”

ಜಮಾದಾರರು ಎದ್ದು ದೀಪಕ್ಕೆ ಎಣ್ಣೆ ತುಂಬಲು ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಹೇಳಿದರು. “ನಾ ದೀಪ ನೋಡ್ತೀನಿ. ಯಾರರ ಏನರ ಕೇಳಿದ್ರ ಮಾತಾಡಾಂಗಿಲ್ಲ.”

ಬಿಟ್ಟು ಹೋಗದೆ ನಿಂತರಲ್ಲ, ಅಷ್ಟೇ ನನಗೆ ಬೇಕಿತ್ತು.

ಪ್ರದರ್ಶನ ಸಂತೆ ಬಯಲಿನಲ್ಲಿ. ಮುಂದಿನ ಸಾಲಿನಲ್ಲಿ ಜಮಾದಾರರ ಮಾವ ಕೂತಿದ್ದರು. ಮುದುಕರು, ಗಡ್ಡದಲ್ಲಿ ಅರಳೆಯ ಎಳೆ ಹಾಗೇ ಇತ್ತು. ಪಕ್ಕದಲ್ಲಿ ಅಗೆತದ ಮೇಲ್ವಿಚಾರಕರು. ಪರದೆಯ ಆಚೆ ಹೆಂಗಸರು, ಅವರ ಬಳೆಗಳ ಸದ್ದು, ಖಾಲಾ ಎಂಬ ಚಿಕ್ಕಮ್ಮನ ದೊಡ್ಡ ಗಂಟಲು.

ಗುಂಡಿಯ ಪಾಠವಾದ ಮೇಲೆ ಮೇಲ್ವಿಚಾರಕರನ್ನು ಕೇಳಿ ಬೇರೆ ಗಾಜುಗಳ ವಿವರಣೆಗೂ ನಾನು ಒಂದೆರಡು ಮಾತು ಸೇರಿಸಿದ್ದೆ. ಸುಡಾನಿನ ಪಿರಮಿಡ್ಡುಗಳ ಊರಿನಲ್ಲಿ ಕಬ್ಬಿಣ ಕರಗಿಸಿದ ಕಿಟ್ಟದ ದಿಬ್ಬಗಳು ಇವತ್ತಿಗೂ ಇವೆ ಎಂದೆ. ನಮ್ಮ ಸೀಮೆಯ ಹೊಲಗಳಲ್ಲಿ ಕಿಟ್ಟದ ತುಂಡು ನೋಡದವರಿಲ್ಲ, ಎಲ್ಲರೂ ತಲೆದೂಗಿದರು. ಕಂಬ ನಿಲ್ಲಿಸಿದ ರಾಜರು ತಮ್ಮದೇ ಚಿನ್ನದ ನಾಣ್ಯ ಹೊಡೆಸಿದ್ದರು ಎಂದೆ. ಬಂಡೆ ಕೊರೆದ ಚರ್ಚು ಬಂದಾಗ ಎಲ್ಲೋರ ನೋಡಿಬಂದಿದ್ದ ಒಬ್ಬ ವ್ಯಾಪಾರಿ, “ಇದೂ ಎಲ್ಲೋರದ ಹಂಗ ಐತಿ! ಮಾಳಗಿಯಿಂದ ಸುರು ಮಾಡಿ ಬುನಾದಿಗಿ ಬಂದು ಮುಗಿಸೋದು!” ಎಂದು ಕೂಗಿದರು. ಮಣ್ಣಿನ ಮಸೀದಿಗೆ ಇನ್ನೂ ಗದ್ದಲ. ಅದರ ಗೋಡೆಗಳಿಂದ ಕಟ್ಟಿಗೆಯ ತುದಿಗಳು ಮುಳ್ಳಿನಂತೆ ಹೊರಗೆ ಚಾಚಿರುತ್ತವೆ.

“ಆ ಕಟಗಿ ಯಾಕ ಹೊರಗ ಬಿಟ್ಟಾರ ಮಾಸ್ತರ?”

“ಮೇಲೆ ಹತ್ತಲು. ಮಳೆಗೆ ಮಣ್ಣು ತೊಳೆದುಹೋಗುತ್ತದೆ, ಊರವರೆಲ್ಲ ಸೇರಿ ಮತ್ತೆ ಮೆತ್ತುತ್ತಾರೆ.”

“ಕೇಳಿದೇನಲೇ? ನಿಮ್ಮ ಮಾಳಗಿ ಮೆತ್ತಾಕ ನೀ ವರ್ಷಾ ನಿಚ್ಚಣಿಕಿ ಇಸಗೊಂಡು ಹೊಕ್ಕೀ, ವಾಪಸ್ ಕೊಡಾಂಗಿಲ್ಲ. ನಾವೂ ಹಂಗ ಗೂಟ ಬಡಿಯೋಣು!” ಎಂದು ಕೇಳಿದವರು ಪಕ್ಕದವನನ್ನು ತಿವಿದರು.

ಆ ಊರಿನಲ್ಲಿ ಒಂದು ಕಾಲಕ್ಕೆ ಎಲ್ಲ ಸರಕಿಗಿಂತ ಪುಸ್ತಕಕ್ಕೆ ಹೆಚ್ಚು ಬೆಲೆ ಇತ್ತು ಎಂದೆ. ಅದನ್ನು ನಂಬಲು ವ್ಯಾಪಾರಿಗಳಿಗೆ ಕಷ್ಟವಾಯಿತು. ಹಿತ್ತಾಳೆ ರಾಜಮುಖಕ್ಕೆ ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುವ ರೀತಿ ಹೇಳಿದೆ. ಪ್ರತಿ ಗಾಜಿಗೂ ಜಮಾದಾರರ “ಬದಲ್!” ಸರಿಯಾದ ಹೊತ್ತಿಗೆ ಬೀಳುತ್ತಿತ್ತು. ಆಚೆಯಿಂದ ಭಾಭಿಯ ದನಿ ನನ್ನ ಹಿಂದೆಯೇ ಬರುತ್ತಿತ್ತು, ನನ್ನದಕ್ಕಿಂತ ಚೆಂದವಾಗಿ.

ಏಳನೆಯ ಗಾಜು ಇಳಿಸಿದೆ. ಗೋಡೆ ಪರದೆಯ ತುಂಬ ನಿಂತಿತು.

ಸಂತೆಗೆ ಬಂದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ನಾನು ಹೊಸ ಹಾಳೆ ಓದಿದೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಬೆಂಕಿ ಹಾಕಿ ನೀರು ಹೊಯ್ದು ಬಂಡೆಯನ್ನು ಪದರ ಪದರವಾಗಿ ಬಿಡಿಸುವ ವಿದ್ಯೆ. ಗೋಡೆಯ ಅಡಿಯಲ್ಲಿ ಸಿಕ್ಕಿದ ಮಡಕೆ ಅಲ್ಲಿಯ ಜನರದೇ. ಕಟ್ಟಿದವರು ಹೊರಗಿನವರಲ್ಲ, ಅಲ್ಲಿಯ ಕರಿಯ ಜನರ ಹಿರಿಯರು. “ಬೇರೆಯವರು ಕಟ್ಟಿದರು ಎಂದು ಕೆಲವರು ಬರೆದಿದ್ದಾರೆ. ಅಗೆದು ನೋಡಿದವರು ಅದನ್ನು ಒಪ್ಪಿಲ್ಲ,” ಎಂದು ಮುಗಿಸಿದೆ. ಜಮಾದಾರರ ಅಜ್ಜನ ಮಾತು ಎತ್ತಲಿಲ್ಲ.

ಆಗ ಪರದೆಯ ಆಚೆಯಿಂದ ಖಾಲಾ ಗಂಟಲು ತೆಗೆದರು. ಈಚೆಯ ಗಂಡಸರಿಗೆಲ್ಲ ಕೇಳಿಸಿತು.

“ಏ ಹುಡಿಗಿ, ಇದು ನಿನ್ನ ಅತ್ತಿಮನಿ ಕಡೀದಂತಲ್ಲ? ಅತ್ತಿಮನಿ ತೋರಿಸಿದ ಮ್ಯಾಲ ಗಂಡನ ಹೆಸರು ಹೇಳಬೇಕು. ಸುಮ್ನ ಹೇಳಿದ್ರ ಒಪ್ಪಾಂಗಿಲ್ಲ. ಒಡಪು ಹಾಕಿ ಹೇಳು.”

“ಹೇಳ್ ಹೇಳ್!” ಎಂದು ಉಳಿದವರು ದನಿಗೂಡಿಸಿದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರು ಬಲವಂತ ಮಾಡಿದಾಗ ಪ್ರಾಸದ ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸುತ್ತಾಳೆ. ಒಡಪಿನಲ್ಲಿ ಬರುವುದು ಗಂಡನ ಮನೆಯ ಸಿರಿ: ಅವರ ಬಾವಿ, ಅವರ ಪಡಸಾಲೆ, ಅವರ ಹೊಲ. ಜಮಾದಾರರಿಗೆ ಇವು ಯಾವುವೂ ಇರಲಿಲ್ಲ. ಖಾಲಾಗೆ ಅದು ಗೊತ್ತಿತ್ತು, ಅದಕ್ಕೇ ಕೇಳಿದರು. ಭಾಭಿ ಈ ಊರಿನಲ್ಲಿ ಅಲ್ಲಿಯವರೆಗೆ ಒಡಪು ಹೇಳಿರಲಿಲ್ಲ.

ಒದ್ದೆ ಪರದೆಯ ಹಿಂದಿನಿಂದ ಒಂದು ಅಂಗೈ ಬಂದು ಗೋಡೆಯ ನಡುವೆ ಒತ್ತಿತು. ಬಟ್ಟೆ ಉಬ್ಬಿ ಕಲ್ಲುಗಳು ಅಲುಗಿದವು.

“ಸುಣ್ಣಿಲ್ಲ ಕೆಸರಿಲ್ಲ, ಕಲ್ಲಿನ ಮ್ಯಾಲ ಕಲ್ಲ,
ಎಷ್ಟು ಮಳಿ ಹೊಯ್ದರೂ ಜರದು ಬಿದ್ದಿಲ್ಲ,
ಕಟ್ಟಿದವರ ಕುಲದಾಗ ಹುಟ್ಯಾನ ನನ ನಲ್ಲ,
ಆತನ ಹೆಸರ ಹೇಳಾಕ ನನಗ ನಾಚಿಕಿ ಇಲ್ಲ.”

ಹೆಸರನ್ನು ಕೊನೆಗೆ ಗಟ್ಟಿಯಾಗಿ ಹೇಳಿದರು. ಜಮಾದಾರರು ಬೇಡವೆಂದದ್ದರಿಂದ ಇಲ್ಲಿ ಬರೆದಿಲ್ಲ. ಆಚೆ ಹೆಂಗಸರೆಲ್ಲ ಹೋ ಎಂದರು. ಖಾಲಾ, “ಒಪ್ಪಿದೆವ್ವಾ, ದೊಡ್ಡ ಮನೀನ ಹಿಡದೀ,” ಎಂದದ್ದೂ ಕೇಳಿಸಿತು.

ನಾನು ಮೇಲ್ವಿಚಾರಕರ ಕಡೆ ನೋಡಿದೆ. ಗೊತ್ತಿಲ್ಲದ್ದನ್ನು ಹೇಳಬಾರದು ಎಂದವರು ಅವರೇ. ಅವರು ಗಲ್ಲಕ್ಕೆ ಕೈ ಹಚ್ಚಿ ಪರದೆಯನ್ನು ನೋಡುತ್ತಾ ಕೂತಿದ್ದರು. ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಈಚೆ ಕಡೆ ನಾನು ಓದಿದ್ದು ಅಗೆತದ ಲೆಕ್ಕ. ಆಚೆ ಕಡೆಯದು ಸಂಬಂಧದ ಲೆಕ್ಕ, ಅದನ್ನು ಆ ಮನೆಯ ಸೊಸೆ ಹೇಳಿದ್ದಳು.

ಆಗಲೇ ನನಗೆ ಏನೋ ತಪ್ಪಿದೆ ಅನ್ನಿಸಿತು. “ಬದಲ್” ಬಂದಿರಲಿಲ್ಲ. ತಿರುಗಿದೆ. ಜಮಾದಾರರ ಅಂಗೈ ಗೂಡಿನ ಮೇಲೆಯೇ ಇತ್ತು. ಆ ಕಾವಿನಲ್ಲಿ ಹೇಗೆ ಇಟ್ಟಿದ್ದರೋ. ಮುಖ ಮಾತ್ರ ಪರದೆಯ ಕಡೆ ಇತ್ತು. ನಾನು ಗಾಜಿಗೆ ಕೈ ಹಾಕುವಷ್ಟರಲ್ಲಿ ಟಕ್ ಎಂದಿತು. ಮೇಲಿನ ಮೂಲೆಯಿಂದ ಕೆಳಗಿನವರೆಗೆ, ಗೋಡೆಗೆ ಅಡ್ಡವಾಗಿ, ಬೆಳ್ಳಗಿನ ಒಂದು ಗೆರೆ ಓಡಿತು.

ಬಯಲು ಅಯ್ಯೋ ಎಂದಿತು. ಮುಂದಿನ ಸಾಲಿನಲ್ಲಿ ಮುದುಕ ಮಾವ ಮೆಲ್ಲಗೆ ಹಿಂದಕ್ಕೆ ತಿರುಗಿದರು.

“ಅಳಿಯಾ, ನಿಮ್ಮ ಗ್ವಾಡಿಗಿ ಗಾರಿ ಬೇಕಿದ್ದಿಲ್ಲ. ಈ ಕನ್ನಡಿಗಿ ಬೇಕಾತಲ್ಲೋ.”

ಜನ ನಕ್ಕರು. ಜಮಾದಾರರು ಆಗ ಅಂಗೈ ತೆಗೆದು ನೋಡಿಕೊಂಡರು, ಬೊಕ್ಕೆ ಎದ್ದಿತ್ತು. “ಬದಲ್,” ಎಂದರು, ತಡವಾಗಿ, ತಮಗೇ ಹೇಳಿಕೊಂಡಂತೆ. ದಿನಚರಿ: ತೋರಿಸಿದ್ದು ಏಳು, ಒಡೆದದ್ದು ಒಂದು.

ಭಾಭಿ ಆ ಗಾಜಿನ ಎರಡು ತುಂಡನ್ನು ಅಂಚಿಗೆ ಕಾಗದ ಹಚ್ಚಿ ಜೋಡಿಸಿದರು, ಅರಳೆಯಲ್ಲಿ ದುಪ್ಪಟ್ಟು ಸುತ್ತಿದರು. ಲಿಂಗಸುಗೂರಿನಲ್ಲಿ ಅಧಿಕಾರಿಗಳು ಕುರ್ಚಿಯ ಮೇಲೆ ಕೂತು ಟೈಪಾದ ಹಾಳೆಯ ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಏಳನೆಯದರ ವಿವರಣೆಗೆ ನಾನು ಬಂದಾಗ ಅವರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಜನ ಚದುರಿದ ಮೇಲೆ ಕರೆದರು.

“ಇದರಲ್ಲಿ ಹಾಗಿಲ್ಲವಲ್ಲ.”

“ಇಲ್ಲ ಸಾರ್. ನಾನು ಬದಲಾಯಿಸಿದೆ.”

“ಯಾರನ್ನು ಕೇಳಿ?”

ಮಸ್ಕಿಯ ಗುಂಡಿಯ ವಿಷಯ ಹೇಳಿದೆ. ನನ್ನ ಹಾಳೆಯನ್ನು ತೆಗೆದುಕೊಂಡು ನಿಧಾನವಾಗಿ ಓದಿದರು. ಒಂದು ಕಡೆ ಬೆರಳಿಟ್ಟು, ಮಡಕೆಚೂರು ಆಮೇಲೆ ಒಳಗೆ ಸೇರಿರಲಾರದು ಎನ್ನುವುದು ಹೇಗೆ ಎಂದು ಕೇಳಿದರು. ಗುಂಡಿಯಲ್ಲಿ ಕಲಿತದ್ದನ್ನು ಹೇಳಿದೆ. ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದರು. ನನ್ನ ನೌಕರಿ ಮುಗಿಯಿತು ಎಂದೇ ಅಂದುಕೊಂಡೆ.

“ಕೇಳಿ ಬದಲಾಯಿಸಬೇಕಿತ್ತು,” ಎಂದರು ಕೊನೆಗೆ. “ಇದರ ಎರಡು ನಕಲು ಮಾಡಿಕೊಡಿ. ಬೇರೆ ಲಾಟೀನುಗಳ ಜೊತೆಗೂ ಹಳೆಯದೇ ಹೋಗಿದೆ.” ಆಮೇಲೆ ಗಾಜನ್ನು ಎತ್ತಿ ಬಿರುಕು ನೋಡಿದರು. “ಇದಕ್ಕೆ ಕಾರಣ?”

ನಾನು ಬಾಯಿ ತೆರೆಯುವ ಮೊದಲೇ ಜಮಾದಾರರು ಮುಂದೆ ಬಂದರು. ಪಡೆಯಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತಿದ್ದರು. ಬಲಗೈಗೆ ಅರಳೆಯ ಪಟ್ಟಿ ಸುತ್ತಿತ್ತು.

“ತಪ್ಪು ನಂದು ಸಾಹೇಬ. ಬದಲ್ ಅನ್ನೋದು ನನ್ನ ಕೆಲಸ, ಅನಲಿಲ್ಲ. ನಾ ನೋಡಾಕತ್ತಿದ್ದೆ.”

ಅಧಿಕಾರಿಗಳು ಅವರನ್ನೂ ಗಾಜನ್ನೂ ನೋಡಿದರು. ಒಡೆದ ಸಾಮಾನಿನ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ಕಾರಣ ಬರೆಯುವ ಒಂದು ಕಾಲಂ ಇದೆ. ಸಾಮಾನ್ಯವಾಗಿ ಅಲ್ಲಿ ‘ಕಾವಿನಿಂದ’ ಅಥವಾ ‘ದಾರಿಯ ಕುಲುಕಿನಿಂದ’ ಎಂದು ಬರೆಯುತ್ತೇವೆ. ನಾನು ಬರೆದೆ: “ಜಮಾದಾರರು ಚಿತ್ರ ನೋಡುತ್ತಿದ್ದರು.” ಅಧಿಕಾರಿಗಳು ಓದಿ, ಕೆಳಗೆ ಸಹಿ ಹಾಕಿದರು.